ಸ್ಕ್ಯಾನ್ ಆದ ಮಾತ್ರಕ್ಕೆ ಪುಸ್ತಕ ಉಳಿಯಿತೇ?



ನಿಮ್ಮ ಬಡಾವಣೆಯ ಕನ್ನಡ ಸಂಘದ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿದ್ದಾರಾ? ಸಂತೋಷ. ಆ ಫೈಲುಗಳು ಈಗ ಎಲ್ಲಿವೆ? ಕೇಳಿ ನೋಡಿ. ಕಾರ್ಯದರ್ಶಿಯ ಕಂಪ್ಯೂಟರಿನಲ್ಲಿ, ಒಂದೇ ಒಂದು ಪ್ರತಿ! ಸ್ಕ್ಯಾನ್ ಆಯಿತೆಂದು ಪುಸ್ತಕವನ್ನು ರದ್ದಿಗೆ ಹಾಕಿದ್ದರಂತೂ ಮುಗಿದೇಹೋಯಿತು.

ಕಾಗದಕ್ಕೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಫೈಲಿಗೆ ಹಿಡಿದದ್ದು ಕಾಣುವುದಿಲ್ಲ. ಬರೆದಿಟ್ಟ ಸಿ.ಡಿ.ಯ ಬಣ್ಣದ ಪದರ ಬಿಸಿಲು ಸೆಕೆಗೆ ಮಾಸುತ್ತದೆ. ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಪೆನ್ ಡ್ರೈವ್ ತೆರೆಯದೇ ಹೋಗಬಹುದು. ಹಾರ್ಡ್ ಡಿಸ್ಕ್ ತಿರುಗುವ ಯಂತ್ರ. ಒಂದಲ್ಲ ಒಂದು ದಿನ ನಿಲ್ಲುತ್ತದೆ.

"ಇಂಟರ್‌ನೆಟ್‌ಗೆ ಹಾಕಿದ್ದೇವೆ, ಸಾಕು" ಎನ್ನುವವರೂ ಇದ್ದಾರೆ. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳಿಗೇ ಖದೀಮರು ಕನ್ನ ಹಾಕಿದರು. ಎರಡು ತಿಂಗಳಿಗೂ ಹೆಚ್ಚು ಕಾಲ ಅಲ್ಲಿನ ಕ್ಯಾಟಲಾಗು ಇಂಟರ್‌ನೆಟ್‌ನಲ್ಲಿ ಸಿಗಲಿಲ್ಲ. 2024ರ ಅಕ್ಟೋಬರಿನಲ್ಲಿ ಇಂಟರ್‌ನೆಟ್ ಆರ್ಕೈವ್ ದಾಳಿಗೆ ಸಿಕ್ಕಿ ಕೆಲವು ದಿನ ಬಾಗಿಲು ಹಾಕಿತ್ತು. ನಮ್ಮ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿ ಇರುವುದು ಅಲ್ಲೇ!

ಆದ್ದರಿಂದ ಮೂರು ಪ್ರತಿ ಇರಲಿ. ಎರಡು ಬಗೆಯ ಸಾಧನದಲ್ಲಿರಲಿ. ಒಂದು ಪ್ರತಿ ಬೇರೆ ಊರಿನಲ್ಲಿರಲಿ. ದುಡ್ಡಿಲ್ಲ ಎನ್ನಬೇಡಿ. ಒಂದು ಸಮಾರಂಭದ ಶಾಲು, ಹಾರ, ಫ್ಲೆಕ್ಸಿನ ಖರ್ಚಿಗೆ ಹಾರ್ಡ್ ಡಿಸ್ಕ್ ಬರುತ್ತದೆ. ಪ್ರತಿ ಫೈಲಿಗೂ ಚೆಕ್‌ಸಮ್ ಎಂಬ ಗುರುತು ಸಂಖ್ಯೆ ತೆಗೆದು ಬರೆದಿಡಿ. ಇದಕ್ಕೆ ಪುಕ್ಕಟೆ ತಂತ್ರಾಂಶಗಳಿವೆ. ಫೈಲಿನಲ್ಲಿ ಒಂದಕ್ಷರ ಕೆಟ್ಟರೂ ಆ ಸಂಖ್ಯೆ ಬದಲಾಗುತ್ತದೆ. ವರ್ಷಕ್ಕೊಮ್ಮೆ, ರಾಜ್ಯೋತ್ಸವದ ಮೈಕ್ ಸೆಟ್ಟು ವಾಪಸು ಕಳಿಸಿದ ಮೇಲಾದರೂ, ಕೂತು ತಾಳೆ ನೋಡಿ. ಕೆಟ್ಟದ್ದರ ಜಾಗಕ್ಕೆ ಒಳ್ಳೆಯ ಪ್ರತಿಯಿಂದ ತುಂಬಿ. ಮೂಲ ಸ್ಕ್ಯಾನನ್ನು ಟಿಫ್ ರೂಪದಲ್ಲೇ ಇಡಿ. ವಾಟ್ಸಾಪಿಗೆಂದು ಕುಗ್ಗಿಸಿದ ಪಿಡಿಎಫ್ ಓದಲು ಸರಿ, ಕಾಪಿಡಲು ಅಲ್ಲ.

ಇನ್ನು ನನ್ನ ಕಸುಬಿನ ಮಾತು. ನಮ್ಮ ಪ್ರೆಸ್ಸುಗಳಲ್ಲಿ ಪೇಜ್‌ಮೇಕರಿನಲ್ಲಿ ಕಟ್ಟಿದ ಕನ್ನಡ ಪುಟಗಳಿಗೆ ಲೆಕ್ಕವಿಲ್ಲ. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟಿದ್ದವು. ಫಾಂಟು ಕಳೆದರೆ, ಫೈಲು ನೆಟ್ಟಗಿದ್ದರೂ ತೆರೆದಾಗ ಕಾಣುವುದು ಇಂಗ್ಲಿಷ್ ಚಿಹ್ನೆಗಳ ಕಸ! ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದ ಸ್ವಂತ ಮನೆ ಇದೆ. ಹಾಗಿದ್ದೂ ಎಷ್ಟು ಸಂಘಗಳ ಸ್ಮರಣ ಸಂಚಿಕೆ, ಎಷ್ಟು ಸಣ್ಣ ಲೇಖಕರ ಪುಸ್ತಕ ಆ ಬಾಡಿಗೆ ಮನೆಯಲ್ಲೇ ಕೊಳೆಯುತ್ತಿವೆ! ಯಾರು ಬಂದು ಬಿಡಿಸಬೇಕು?

ನೀವೇ. ಕಂಪ್ಯೂಟರ್ ಬಲ್ಲ ಕನ್ನಡದ ಹುಡುಗ ಹುಡುಗಿಯರು. ನುಡಿ, ಬರಹ ಎರಡರಲ್ಲೂ ಪರಿವರ್ತಕಗಳಿವೆ. ಆದರೆ ಕಣ್ಣುಮುಚ್ಚಿ ನಂಬಬೇಡಿ. ಅರ್ಕಾವೊತ್ತು, ಒತ್ತಕ್ಷರ ಅಲ್ಲಲ್ಲಿ ಪಲ್ಟಿ ಹೊಡೆಯುತ್ತವೆ. ಹಳೆಯ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಕರಡು ತಿದ್ದಬೇಕು. ತಿದ್ದಿದ ಮೇಲೂ ಮೂಲ ಫೈಲನ್ನು ಅಳಿಸಬೇಡಿ. ಫಾಂಟು ಒಳಗೇ ಸೇರಿಸಿದ ಪಿಡಿಎಫ್ ಒಂದನ್ನು ಜೊತೆಗಿಡಿ. ಹಳೆಯ ಕಂಪ್ಯೂಟರನ್ನು ಗುಜರಿಯವನಿಗೆ ಕೊಡುವ ಮುನ್ನ ಅದರ ಫಾಂಟ್ ಫೋಲ್ಡರನ್ನು ಪೂರ್ತಿ ನಕಲು ಮಾಡಿಕೊಳ್ಳಿ.