ಆಲಮಟ್ಟಿ ಪ್ರದೇಶದ ಹಣ್ಣುಗಳ ಶೀತಲ ಕಂಟೇನರ್ ಸಮುದ್ರ ರಫ್ತು: ಪ್ರಚಲಿತ ಸ್ಥಿತಿ ಹಾಗೂ ಅರ್ಜಿದಾರರಿಗೆ ಮಾಹಿತಿ

ಹಿನ್ನೆಲೆ

ಕೃಷ್ಣಾ ನದಿಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ ನಿರ್ಮಿಸಲಾದ ಲಾಲ್ ಬಹದ್ದೂರ್ ಶಾಸ್ತ್ರಿ ಜಲಾಶಯವು ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಹಾಗೂ ಇಂಡಿ ಭಾಗಗಳ ಬೇಸಾಯದ ಸ್ವರೂಪವನ್ನು ಬದಲಿಸಿದೆ. ಕಾಲುವೆ ಹಾಗೂ ಮುಳವಾಡ, ಚಿಮ್ಮಲಗಿ ಏತ ನೀರಾವರಿ ಯೋಜನೆಗಳ ಫಲವಾಗಿ ಜೋಳ, ಕಡಲೆಗಳ ಜೊತೆಗೆ ತೋಟದ ಬೆಳೆಗಳಿಗೂ ಅವಕಾಶ ದೊರೆತಿದೆ. ವಿಜಯಪುರ ಜಿಲ್ಲೆಯು ದ್ರಾಕ್ಷಿ, ದಾಳಿಂಬೆ ಹಾಗೂ ನಿಂಬೆ ಬೆಳೆಗಳಿಗೆ ಹೆಸರಾಗಿದೆ. ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಲಭಿಸಿದೆ.

ಬೆಳೆ ಹೆಚ್ಚಿದಂತೆ ಮಾರುಕಟ್ಟೆಯ ಪ್ರಶ್ನೆಯೂ ಎದುರಾಗಿದೆ. ಹಣ್ಣನ್ನು ಹೊರದೇಶಕ್ಕೆ ವಿಮಾನದಲ್ಲಿ ಕಳುಹಿಸಿದರೆ ಬೇಗ ತಲುಪುತ್ತದೆ, ಆದರೆ ಸಾಗಣೆ ವೆಚ್ಚ ಅಧಿಕ. ಹಡಗಿನಲ್ಲಿ ವೆಚ್ಚ ಕಡಿಮೆ, ಆದರೆ ವಾರಗಟ್ಟಲೆ ಸಮಯ ಬೇಕು. ಈ ಅವಧಿಯಲ್ಲಿ ಹಣ್ಣನ್ನು ಕೆಡದಂತೆ ಕಾಯುವ ಸಾಧನವೇ ಶೀತಲ ಕಂಟೇನರ್. ಶೀತಲೀಕೃತ ಸಮುದ್ರ ಸಾಗಣೆ ಹೊಸದೇನಲ್ಲ. 1882ರಲ್ಲಿ ‘ಡುನೆಡಿನ್’ ಎಂಬ ಹಡಗು ನ್ಯೂಜಿಲೆಂಡ್‌ನಿಂದ ಹೆಪ್ಪುಗಟ್ಟಿಸಿದ ಮಾಂಸವನ್ನು ಹೊತ್ತು 98 ದಿನಗಳ ಯಾನದ ನಂತರ ಲಂಡನ್ ತಲುಪಿತ್ತು. ಈ ಒಂದು ಯಾನವು ದೂರದ ದ್ವೀಪರಾಷ್ಟ್ರದ ಕೃಷಿಗೆ ವಿಶ್ವ ಮಾರುಕಟ್ಟೆಯನ್ನು ತೆರೆಯಿತು.

ಇತ್ತೀಚಿನ ಬೆಳವಣಿಗೆಗಳು

ವಿಜಯಪುರಕ್ಕೆ ನೆರೆಯ ಸೊಲ್ಲಾಪುರ ಭಾಗದಿಂದ 5.7 ಟನ್ ದಾಳಿಂಬೆಯು ಸಮುದ್ರ ಮಾರ್ಗವಾಗಿ 2024ರ ಡಿಸೆಂಬರ್ 6ರಂದು ಹೊರಟು 2025ರ ಜನವರಿ 13ರಂದು ಆಸ್ಟ್ರೇಲಿಯಾದ ಸಿಡ್ನಿ ತಲುಪಿತು. 2025ರ ಮಾರ್ಚ್‌ನಲ್ಲಿ ಸುಮಾರು 14 ಟನ್ ಭಗವಾ ತಳಿಯ ದಾಳಿಂಬೆಯು ಐದು ವಾರಗಳ ಯಾನದ ನಂತರ ಅಮೆರಿಕದ ಪೂರ್ವ ಕರಾವಳಿಯನ್ನು ಉತ್ತಮ ಸ್ಥಿತಿಯಲ್ಲಿ ತಲುಪಿತು. ಅದೇ ವರ್ಷ ಇಂಡಿ ನಿಂಬೆಯನ್ನು ಸಂಯುಕ್ತ ಅರಬ್ ಸಂಸ್ಥಾನ ಹಾಗೂ ಬ್ರಿಟನ್ ದೇಶಗಳಿಗೆ ಕಳುಹಿಸಲಾಯಿತು. ಐದು ವಾರ ಬಾಳುವ ದಾಳಿಂಬೆಯು ಇದೇ ಹವಾಗುಣದ ಆಲಮಟ್ಟಿ ಭಾಗದ ರೈತರಿಗೂ ಪರಿಗಣನಾರ್ಹ ಬೆಳೆಯಾಗಿದೆ.

ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದುದರಿಂದ ಅನೇಕ ಹಡಗು ಕಂಪನಿಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಸುತ್ತಿ ಸಾಗಿದವು. ಯುರೋಪಿನ ಯಾನಕ್ಕೆ ಹತ್ತರಿಂದ ಹದಿನಾಲ್ಕು ದಿನಗಳು ಹೆಚ್ಚಿದವು, ಬಾಡಿಗೆಯೂ ಏರಿತು. 2024ರ ದ್ರಾಕ್ಷಿ ಹಂಗಾಮಿಗೆ ಸರಿಯಾಗಿ ಈ ಹೊರೆ ಬಿದ್ದಿತು. ಆದ್ದರಿಂದ ರಫ್ತಿನ ಲೆಕ್ಕವನ್ನು ವಾಡಿಕೆಯ ದಿನಗಳ ಮೇಲೆ ಮಾತ್ರ ಹಾಕದೆ, ವಿಳಂಬದ ದಿನಗಳನ್ನೂ ಸೇರಿಸಿ ಹಾಕುವುದು ಸೂಕ್ತ.

ಶೀತಲ ಕಂಟೇನರಿನ ಕಾರ್ಯ

ಶೀತಲ ಕಂಟೇನರ್ ಬಿಸಿ ಹಣ್ಣನ್ನು ತಣ್ಣಗಾಗಿಸುವ ಯಂತ್ರ ಎಂಬ ತಿಳಿವಳಿಕೆ ಸರಿಯಲ್ಲ. ತಣ್ಣಗಾದ ಹಣ್ಣನ್ನು ತಣ್ಣಗೆ ಉಳಿಸುವುದಷ್ಟೇ ಅದರ ಕೆಲಸ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿನಲ್ಲಿ ಕೊಯ್ದ ದ್ರಾಕ್ಷಿಯ ಒಡಲ ಬಿಸಿಯನ್ನು ಕೊಯ್ದ ಕೆಲವೇ ಗಂಟೆಗಳಲ್ಲಿ ಪೂರ್ವ ಶೀತಲೀಕರಣ ಘಟಕದಲ್ಲಿ ತೆಗೆಯದಿದ್ದಲ್ಲಿ, ಮುಂದಿನ ಯಾವ ಹಂತದಲ್ಲಿಯೂ ಆ ನಷ್ಟವನ್ನು ತುಂಬಲಾಗುವುದಿಲ್ಲ. ಆಲಮಟ್ಟಿಯಿಂದ ಸೊಲ್ಲಾಪುರದ ಮೂಲಕ ಮುಂಬಯಿ ಸಮೀಪದ ನ್ಹಾವಾ ಶೇವಾ ಬಂದರಿಗೆ ಐದುನೂರು ಕಿ.ಮೀ.ಗೂ ಹೆಚ್ಚು ದೂರವಿರುವುದರಿಂದ ಈ ಅಂಶವು ಮತ್ತಷ್ಟು ಮುಖ್ಯವಾಗುತ್ತದೆ.

ಪ್ರತಿ ಹಣ್ಣಿಗೂ ಬೇಕಾದ ಉಷ್ಣಾಂಶ ಬೇರೆ:

1. ದ್ರಾಕ್ಷಿ: ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸು, ಪೆಟ್ಟಿಗೆಯಲ್ಲಿ ಶಿಲೀಂಧ್ರ ತಡೆಯಲು ಗಂಧಕದ ಡೈಆಕ್ಸೈಡ್ ಸೂಸುವ ಹಾಳೆ.
2. ದಾಳಿಂಬೆ: ಸುಮಾರು 5ರಿಂದ 7 ಡಿಗ್ರಿ.
3. ನಿಂಬೆ: ಸುಮಾರು 8ರಿಂದ 10 ಡಿಗ್ರಿ, ಇದಕ್ಕಿಂತ ತೀರ ಕಡಿಮೆಯಾದರೆ ಸಿಪ್ಪೆಗೆ ಶೀತಾಘಾತವಾಗಿ ಕಲೆ ಬೀಳುತ್ತದೆ.
4. ಹೆಪ್ಪುಗಟ್ಟಿಸಿದ ಆಹಾರ: ಸೊನ್ನೆಗಿಂತ 18 ಡಿಗ್ರಿ ಕೆಳಗೆ.

ಆದಕಾರಣ ದ್ರಾಕ್ಷಿ ಹಾಗೂ ನಿಂಬೆಯನ್ನು ಒಂದೇ ಕಂಟೇನರಿನಲ್ಲಿ ತುಂಬುವುದು ಉಳಿತಾಯವಲ್ಲ, ನಷ್ಟ. ತಂಪು ಗಾಳಿಯು ಕಂಟೇನರಿನ ನೆಲದಿಂದ ಮೇಲಕ್ಕೆ ಹರಿಯುವುದರಿಂದ, ಒಳಗೆ ಗುರುತಿಸಿರುವ ಕೆಂಪು ಗೆರೆಯ ಮೇಲೆ ಪೆಟ್ಟಿಗೆಗಳನ್ನು ಪೇರಿಸಬಾರದು.

ನಷ್ಟದ ಹೊಣೆ

ನಲವತ್ತು ಅಡಿಯ ಒಂದು ಕಂಟೇನರಿಗೆ ಹತ್ತಾರು ಟನ್ ಹಣ್ಣು ಬೇಕು. ಒಬ್ಬ ಸಣ್ಣ ರೈತನ ತೋಟದಿಂದ ಒಂದೇ ದಿನ ದೊರೆಯುವ ಪ್ರಮಾಣ ಇದಲ್ಲ. ಹಾಗಾಗಿ ರೈತ ಉತ್ಪಾದಕ ಸಂಸ್ಥೆಗಳ ಮೂಲಕ ಹಲವರ ಹಣ್ಣು ಒಂದೆಡೆ ಸೇರುತ್ತದೆ. ಹೀಗೆ ಸೇರಿದಾಗ ಒಬ್ಬರ ತೋಟದ ಔಷಧ ಶೇಷವು ಎಲ್ಲರ ಸರಕನ್ನೂ ತಿರಸ್ಕಾರಕ್ಕೆ ಗುರಿಮಾಡಬಲ್ಲದು. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷವು ಮಿತಿ ಮೀರಿದ ಕಾರಣ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾಗಿ ಬೆಳೆಗಾರರು ಹಾಗೂ ರಫ್ತುದಾರರು ಭಾರಿ ನಷ್ಟ ಅನುಭವಿಸಿದರು. ಹಣ್ಣು ನೋಡಲು ಚೆನ್ನಾಗಿಯೇ ಇತ್ತು ಎಂಬುದು ಗಮನಾರ್ಹ.

ಎರಡನೆಯದಾಗಿ, ಹಣ್ಣು ಅಲ್ಲಿ ಮಾರಾಟವಾದ ನಂತರ ದರ ನಿಗದಿ ಎಂಬ ಷರತ್ತಿನಲ್ಲಿ ಸರಕು ಕಳುಹಿಸಿದರೆ ಯಾನದ ವಿಳಂಬ, ಬೆಲೆ ಕುಸಿತಗಳ ಭಾರವೆಲ್ಲ ಕಳುಹಿಸಿದವರ ಮೇಲೆಯೇ ಬೀಳುತ್ತದೆ. ಕನಿಷ್ಠ ಖಾತರಿ ದರ, ಗುಣಮಟ್ಟ ತಪಾಸಣೆಯ ಸ್ಥಳ ಹಾಗೂ ಹಣ ಪಾವತಿಯ ದಿನಾಂಕ ಲಿಖಿತವಾಗಿರಬೇಕು. ಸಮುದ್ರ ವಿಮೆಯಲ್ಲಿ ಶೀತಲ ಯಂತ್ರದ ಸ್ಥಗಿತ ಸೇರಿದೆಯೇ, ಎಷ್ಟು ಗಂಟೆಗಳ ಸ್ಥಗಿತಕ್ಕೆ ಪರಿಹಾರ ದೊರೆಯುತ್ತದೆ ಎಂಬುದನ್ನು ಸಹಿ ಮಾಡುವ ಮುನ್ನ ಓದತಕ್ಕದ್ದು. ಕಂಟೇನರಿನೊಳಗೆ ಇಡುವ ಉಷ್ಣಾಂಶ ದಾಖಲೆ ಸಾಧನವು ವಿವಾದದ ಸಂದರ್ಭದಲ್ಲಿ ಪ್ರಮುಖ ಸಾಕ್ಷ್ಯವಾಗುತ್ತದೆ. ಕೊಳ್ಳುಗರು ಹಣ ನೀಡದಿರುವ ಅಪಾಯಕ್ಕೆ ಇಸಿಜಿಸಿ ಸಂಸ್ಥೆಯ ರಫ್ತು ಸಾಲ ವಿಮೆ ಲಭ್ಯವಿದೆ.

ಪಡೆಯಬೇಕಾದ ನೋಂದಣಿ ಹಾಗೂ ಪ್ರಮಾಣಪತ್ರಗಳು

1. ತೋಟದ ನೋಂದಣಿ: ಯುರೋಪಿಗೆ ಕಳುಹಿಸುವ ದ್ರಾಕ್ಷಿಗೆ ಗ್ರೇಪ್‌ನೆಟ್, ದಾಳಿಂಬೆಗೆ ಅನಾರ್‌ನೆಟ್ ವ್ಯವಸ್ಥೆಯಲ್ಲಿ ತೋಟಗಾರಿಕೆ ಇಲಾಖೆಯ ಮೂಲಕ ನೋಂದಣಿ ಆಗಬೇಕು. ಸಿಂಪರಣೆಯ ದಾಖಲೆ ಪುಸ್ತಕವನ್ನು ರೈತರೇ ನಿರ್ವಹಿಸಬೇಕು.
2. ಆಮದು-ರಫ್ತು ಸಂಕೇತ: ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ರಫ್ತುದಾರರು ಅಥವಾ ಸಂಸ್ಥೆ ಪಡೆಯಬೇಕು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ವಿವರಗಳನ್ನು ದೃಢೀಕರಿಸುವುದು ಕಡ್ಡಾಯ.
3. ಅಪೆಡಾ ಪ್ರಾಧಿಕಾರದ ನೋಂದಣಿ ಹಾಗೂ ಸದಸ್ಯತ್ವ ಪ್ರಮಾಣಪತ್ರ.
4. ಮಾನ್ಯತೆ ಪಡೆದ ಪ್ರಯೋಗಾಲಯದ ಔಷಧ ಶೇಷ ಪರೀಕ್ಷಾ ವರದಿ.
5. ಸಸ್ಯ ಆರೋಗ್ಯ ಪ್ರಮಾಣಪತ್ರ. ಇದಿಲ್ಲದೆ ತಾಜಾ ಹಣ್ಣಿಗೆ ವಿದೇಶ ಬಂದರಿನಲ್ಲಿ ಪ್ರವೇಶ ದೊರೆಯದು.

ಹಣ್ಣು ಕೊಯ್ದ ನಂತರ ಈ ಕಾಗದಪತ್ರಗಳಿಗೆ ಓಡಾಡುವುದರಿಂದ ಪ್ರಯೋಜನವಿಲ್ಲ. ತೋಟದ ನೋಂದಣಿಯನ್ನು ಹಂಗಾಮಿನ ಆರಂಭದಲ್ಲಿಯೇ, ಅಂದರೆ ದ್ರಾಕ್ಷಿಗೆ ಅಕ್ಟೋಬರ್ ಚಾಟನಿಯ ಸುಮಾರಿಗೆ, ಮಾಡಿಸಿಕೊಳ್ಳುವುದು ಒಳಿತು.

ಮೂಲಸೌಕರ್ಯಕ್ಕೆ ನೆರವು

2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಡಿ ಪ್ಯಾಕಿಂಗ್ ಮನೆ, ಪೂರ್ವ ಶೀತಲೀಕರಣ ಘಟಕ ಹಾಗೂ ಶೀತಲಗೃಹಗಳಿಗೆ 2 ಕೋಟಿ ರೂ.ವರೆಗಿನ ಸಾಲದ ಮೇಲೆ ಗರಿಷ್ಠ 7 ವರ್ಷ ಶೇ. 3ರಷ್ಟು ಬಡ್ಡಿ ರಿಯಾಯಿತಿ ಇದೆ. ಇದು ಸಾಲವೇ ಹೊರತು ಉಚಿತ ಅನುದಾನವಲ್ಲ. ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ನಡೆಯುವ ಘಟಕವು ವಿದ್ಯುತ್ ಬಿಲ್ಲನ್ನೂ ಭರಿಸಲಾರದು. ದ್ರಾಕ್ಷಿಯ ನಂತರ ದಾಳಿಂಬೆ, ನಿಂಬೆ ಹೀಗೆ ವರ್ಷವಿಡೀ ಬಳಕೆಯ ಯೋಜನೆಯುಳ್ಳ ಗುಂಪುಗಳಿಗೆ ಇದು ಹೆಚ್ಚು ಉಪಯುಕ್ತ.

ಸಾರಾಂಶ

ಎಲ್ಲ ರೈತರೂ ಸಮುದ್ರ ರಫ್ತಿಗೆ ಇಳಿಯಬೇಕಾಗಿಲ್ಲ. ಜಿಲ್ಲೆಯಲ್ಲಿ ತಯಾರಾಗುವ ಒಣದ್ರಾಕ್ಷಿಗೆ ಶೀತಲ ಕಂಟೇನರಿನ ಅಗತ್ಯವೇ ಇಲ್ಲ. ಅದು ಈಗಲೂ ಭದ್ರವಾದ ಪರ್ಯಾಯ. ಮೊದಲ ಬಾರಿ ಪ್ರಯತ್ನಿಸುವವರಿಗೆ ಕೆಲವೇ ದಿನಗಳ ಯಾನವಿರುವ ಕೊಲ್ಲಿ ರಾಷ್ಟ್ರಗಳ ಮಾರುಕಟ್ಟೆಯು ಯುರೋಪಿಗಿಂತ ಕಡಿಮೆ ಅಪಾಯದ್ದು. ಪೂರ್ವ ಶೀತಲೀಕರಣ, ಶೇಷ ಪರೀಕ್ಷೆ ಹಾಗೂ ಲಿಖಿತ ಕರಾರು ಇವು ಮೂರೂ ಸಿದ್ಧವಿರುವವರು ಮಾತ್ರ ಕಂಟೇನರ್ ಕಾಯ್ದಿರಿಸುವುದು ಹಿತಕರ.

ಹೆಚ್ಚಿನ ಮಾಹಿತಿಗಾಗಿ ಆಸಕ್ತರು ತಮ್ಮ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.