ದೀಪದ ಬಾಕಿ

ಎಣ್ಣೆಯ ದೀಪವನ್ನು ಆರಿಸುವಾಗಲೂ "ಆರಿಸು" ಎಂಬ ಮಾತನ್ನು ಬಾಯಲ್ಲಿ ತರಬಾರದೆಂದು ಹಳೆಯ ಮನೆಗಳಲ್ಲಿ ಕಟ್ಟುಪಾಡಿತ್ತು. "ದೀಪ ದೊಡ್ಡದು ಮಾಡು" ಎಂದೇ ಹೇಳಬೇಕು. ಎಣ್ಣೆ ಹೋಗಿ ವಿದ್ಯುತ್ತು ಬಂದರೂ ಆ ಅಂಜಿಕೆ ಪೂರ್ತಿಯಾಗಿ ಹೋದಂತೆ ಕಾಣದು. ಹಾಲಿನ ಬಾಕಿಯನ್ನೋ ದಿನಸಿ ಅಂಗಡಿಯ ಬಾಕಿಯನ್ನೋ ನಗುನಗುತ್ತಲೇ ಒಪ್ಪಿಕೊಳ್ಳುವ ಗೃಹಸ್ಥನು, ವಿದ್ಯುತ್ತಿನ ಬಿಲ್ಲು ಎರಡು ತಿಂಗಳಿನಿಂದ ನಿಂತಿದೆ ಎಂಬುದನ್ನು ಮಾತ್ರ ಕೈಹಿಡಿದವಳಿಗೂ ಹೇಳಲಾರ. ಬೀದಿಯ ಮನೆಗಳಲ್ಲೆಲ್ಲ ಬೆಳಕಿದ್ದು ತನ್ನ ಮನೆಯೊಂದೇ ಕತ್ತಲಾಗುವ ದಿನವನ್ನು ಮನಸ್ಸಿನಲ್ಲಿ ನೂರು ಸಲ ಕಂಡು ನಡುಗುತ್ತಾನೆ. ಅದನ್ನು ತಪ್ಪಿಸುವ ಒಂದು ಹೆಜ್ಜೆಯನ್ನು ಮಾತ್ರ ಇಡದೆ ಕುಳಿತಿರುತ್ತಾನೆ.

ಒಂದು ಕಾಲಕ್ಕೆ ವಿದ್ಯುತ್ತೆಂದರೆ ಭೋಗದ ವಸ್ತು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಶಕ್ತಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಯಲ್ಲಿ ಅದರ ದೀಪ ಬೆಳಗಿದ್ದು ೧೯೦೫ರ ಆಗಸ್ಟಿನಲ್ಲಿ. ಆಮೇಲೂ ಬಹುಕಾಲ ಹಜಾರಕ್ಕೊಂದು, ಅಡಿಗೆಮನೆಗೊಂದು ಬಲ್ಬು ಇದ್ದ ಮನೆಯನ್ನು ಅನುಕೂಲಸ್ಥರ ಮನೆಯೆಂದೇ ಎಣಿಸುತ್ತಿದ್ದರು. ಇಂದಿನ ಮಾತು ಬೇರೆ. ಮಹಡಿಯ ತೊಟ್ಟಿಗೆ ನೀರು ಏರುವುದು, ಮಗನ ಪಾಠ, ಮಗಳ ಕಚೇರಿ ಕೆಲಸ, ಅಜ್ಜಿಯ ಇನ್ಸುಲಿನ್ ಕೆಡದೆ ಉಳಿಯುವುದು, ಎಲ್ಲವೂ ಗೋಡೆಯಲ್ಲಿರುವ ಆ ಪುಟ್ಟ ಮೀಟರಿನ ಕೃಪೆ. ಕೈ ಬಿಗಿಯಾದ ತಿಂಗಳಲ್ಲಿ ಪತ್ರಿಕೆಯನ್ನು ನಿಲ್ಲಿಸಬಹುದು, ಹೊಸ ಬಟ್ಟೆಯನ್ನು ಮುಂದೂಡಬಹುದು. ಇದನ್ನು ಹಾಗೆ ನಿಲ್ಲಿಸುವಂತಿಲ್ಲ.

ಮೈಸೂರಿನ ಸರಸ್ವತೀಪುರದಲ್ಲಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಮನೆ ಸ್ವಂತದ್ದು, ಸಣ್ಣದು. ರಾಯರಿಗೆ ಖಾಸಗಿ ಸಂಸ್ಥೆಯಲ್ಲಿ ಕೆಲಸ. ಊರಿನಿಂದ ತಾಯಿಯನ್ನು ಕರೆಸಿ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿದರು. ಕೂಡಿಟ್ಟ ಹಣ ಆಸ್ಪತ್ರೆಗೆ ಹೋಯಿತು. ಅದೇ ಸಮಯಕ್ಕೆ ಸಂಸ್ಥೆಯ ಸ್ಥಿತಿ ಹದಗೆಟ್ಟು ಎರಡು ತಿಂಗಳ ಸಂಬಳ ತಡವಾಯಿತು. ಕಷ್ಟ ಬರುವಾಗ ಒಂಟಿಯಾಗಿ ಬರುವ ಪದ್ಧತಿ ಇಲ್ಲವಷ್ಟೆ. ತಾಯಿಗೆ ದಿನಕ್ಕೆರಡು ಬಾರಿ ಬಿಸಿನೀರು, ರಾತ್ರಿಯೆಲ್ಲ ಫ್ಯಾನು. ತಿಂಗಳ ಬಳಕೆ ೧೮೫ ಯೂನಿಟ್ಟಿನಿಂದ ೨೧೫ಕ್ಕೆ ಏರಿತು. ತಿಂಗಳಿಗೆ ಸುಮಾರು ೧,೭೦೦ ರೂಪಾಯಿಯಂತೆ ಮೂರು ಬಿಲ್ಲುಗಳು ಸೇರಿ ೫,೧೦೦ ರೂಪಾಯಿ ಬಾಕಿ ನಿಂತಿತು.

ಸಂಕಷ್ಟ ಚತುರ್ಥಿ ಎಂದೆಂದು ನೋಡಲು ಪಂಚಾಂಗ ತೆಗೆದ ಗೃಹಿಣಿಯ ಕೈಗೆ ಆ ಮೂರು ಬಿಲ್ಲುಗಳೂ ಸಿಕ್ಕಿದುವು.

"ಏನ್ರೀ ಇದು? ಮೂರು ತಿಂಗಳದ್ದು! ನನಗೊಂದು ಮಾತು ಹೇಳಬಾರದಿತ್ತೆ?"

"ಹೇಳಿದ್ದರೆ ನೀನೇನು ಮಾಡುತ್ತಿದ್ದೆ? ಇರುವ ಚಿಂತೆ ಸಾಲದೆ?"

"ಬಿಸಿನೀರಿನ ಲೆಕ್ಕವನ್ನಾದರೂ ನೋಡಿಕೊಳ್ಳುತ್ತಿದ್ದೆ. ಅಮ್ಮನ ಮುಂದೆ ಈ ಮಾತು ಬೇಡ. ನಾಳೆ ಬೆಳಿಗ್ಗೆ ಕಚೇರಿಗೆ ಹೋಗೋಣ, ನಾನೂ ಬರುತ್ತೇನೆ."

ಆಕೆಯ ಕೋಪವೆಲ್ಲ ಬಾಕಿ ನಿಂತದ್ದಕ್ಕಲ್ಲ, ಅದನ್ನು ಪಂಚಾಂಗದೊಳಗೆ ಮಲಗಿಸಿದ್ದಕ್ಕೆ. ಆ ಕೋಪ ನ್ಯಾಯವಾದದ್ದೇ. ಮೊದಲ ಬಿಲ್ಲು ನಿಂತಾಗಲೇ ಹೋಗಿ ಕೇಳುವವನಿಗೂ, ಮೂರು ಬಿಲ್ಲು ನಿಂತು ಲೈನ್‌ಮನ್ ಕಂಬದ ಬಳಿ ಬಂದಾಗ ಓಡುವವನಿಗೂ ಕಚೇರಿಯಲ್ಲಿ ಸಿಗುವ ಉತ್ತರ ಒಂದೇ ಆಗಿರುವುದಿಲ್ಲ. ಅಂದಹಾಗೆ, ಆ ಲೈನ್‌ಮನ್ ಮೇಲೆ ರೇಗುವುದು ಶುದ್ಧ ಅನ್ಯಾಯ. ಅವನ ಕೈಯಲ್ಲಿರುವುದು ಬಾಕಿದಾರರ ಪಟ್ಟಿ; ಅದನ್ನು ಬರೆದವನು ಅವನಲ್ಲ, ಅದರಿಂದ ಹೆಸರು ತೆಗೆಯುವ ಅಧಿಕಾರವೂ ಅವನಿಗಿಲ್ಲ.

ಕಾಯಿದೆ ಏನು ಹೇಳುತ್ತದೆ ಎಂಬುದನ್ನು ಬಲ್ಲವರು ಕಡಮೆ. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ೫೬ನೆಯ ಕಲಮಿನ ಪ್ರಕಾರ, ಹಣ ಬಾಕಿ ಇದೆಯೆಂದು ಕೂಡಲೇ ಬಂದು ತಂತಿ ಬಿಚ್ಚುವಂತಿಲ್ಲ. ಬರವಣಿಗೆಯಲ್ಲಿ ನೋಟೀಸು ಕೊಟ್ಟು, ಅದಾದಮೇಲೆ ೧೫ ಪೂರ್ಣ ದಿನಗಳು ಕಳೆಯಬೇಕು. ಆದರೆ ನೋಟೀಸು ಕೆಂಪು ಮೊಹರು ಹೊತ್ತು ಪ್ರತ್ಯೇಕ ಲಕೋಟೆಯಲ್ಲಿಯೇ ಬರುತ್ತದೆಂದು ಕಾದು ಕುಳಿತರೆ ಮೋಸ ಹೋಗಬೇಕಾದೀತು; ಬಿಲ್ಲಿನ ಅಡಿಯಲ್ಲಿ ಸಣ್ಣ ಅಕ್ಷರಗಳ ವಾಕ್ಯವಾಗಿಯೂ ಅದು ಇರಬಹುದು. ಮೊತ್ತವನ್ನು ಮಾತ್ರ ನೋಡಿ ಕಾಗದವನ್ನು ಮಡಚಿಡುವವರಿಗೆ ಆ ವಾಕ್ಯ ಕಾಣುವುದೇ ಇಲ್ಲ. ಅಂತೂ ಕಾಯಿದೆ ಕೊಟ್ಟಿರುವ ಈ ದಿನಗಳು ಮರೆಯಾಗಿ ಇರುವುದಕ್ಕಲ್ಲ, ಮಾತನಾಡುವುದಕ್ಕೆ.

ಮಾತನಾಡುವುದು ಯಾರೊಡನೆ? ವಯಸ್ಸಾದವರು ಇಂದಿಗೂ "ಕೆ.ಇ.ಬಿ. ಆಫೀಸು" ಎನ್ನುತ್ತಾರೆ. ೧೯೫೭ರಲ್ಲಿ ಸ್ಥಾಪನೆಯಾದ ಆ ಮಂಡಳಿ ೧೯೯೯ರಲ್ಲಿ ನಿಗಮವಾಯಿತು. ೨೦೦೨ರಲ್ಲಿ ಮನೆಮನೆಗೆ ವಿದ್ಯುತ್ತು ಹಂಚುವ ಕೆಲಸ ಪ್ರಾಂತವಾರು ಕಂಪೆನಿಗಳ ಪಾಲಿಗೆ ಬಂತು. ಹೆಸರು ಏನೇ ಆಗಿರಲಿ, ಹೋಗಬೇಕಾದ ಸ್ಥಳ ಆಯಾ ಬಡಾವಣೆಯ ಉಪವಿಭಾಗದ ಕಚೇರಿ. ಕಾಣಬೇಕಾದವರು ಅಲ್ಲಿಯ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರು. ಹಣ ಕಟ್ಟುವ ಕಿಟಕಿಯ ಗುಮಾಸ್ತನಲ್ಲಿ ಸಂಸಾರದ ಕಥೆ ಹೇಳಿ ಫಲವಿಲ್ಲ, ಹಿಂದಿನ ಸಾಲು ಬೆಳೆದೀತು ಅಷ್ಟೆ.

ಬಾಯಿಮಾತಿಗಿಂತ ಕಾಗದ ಮೇಲು. ಮನವಿಯಲ್ಲಿ ಬಿಲ್ಲಿನ ಮೇಲಿರುವ ಆರ್.ಆರ್. ಸಂಖ್ಯೆ, ಬಾಕಿಯ ಮೊತ್ತ, ತೊಂದರೆಯ ಕಾರಣ ಎರಡೇ ಸಾಲಿನಲ್ಲಿ, ಈಗ ಎಷ್ಟು ಕಟ್ಟಬಲ್ಲೆವು, ಉಳಿದದ್ದು ಯಾವ ಯಾವ ತಾರೀಖಿಗೆ, ಇಷ್ಟಿದ್ದರೆ ಸಾಕು. "ಆದಷ್ಟು ಬೇಗ ಪಾವತಿ ಮಾಡುತ್ತೇವೆ" ಎಂಬ ವಾಕ್ಯಕ್ಕೆ ಕಚೇರಿಯಲ್ಲಿ ಬೆಲೆಯಿಲ್ಲ, ತಾರೀಖಿಗೆ ಬೆಲೆಯುಂಟು. ಮನೆಯಲ್ಲಿ ಕಾಯಿಲೆಯವರಿದ್ದರೆ ಅದನ್ನೂ ಬರೆಯಬೇಕು. ಅದು ಕರುಣೆ ಬೇಡುವುದಲ್ಲ, ಅಧಿಕಾರಿಗೆ ತಿಳಿದಿರಬೇಕಾದ ಸಂಗತಿ. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರುವುದನ್ನು ಮರೆಯಬಾರದು. ಕಂತಿಗೆ ಒಪ್ಪುವುದೂ ಬಿಡುವುದೂ ಅಧಿಕಾರಿಯ ವಿವೇಚನೆ ನಿಜ. ಆದರೆ ಬರಿಗೈಯಲ್ಲಿ ಬಂದವನಿಗಿಂತ ಬಾಕಿಯ ಮೂರರಲ್ಲೊಂದು ಪಾಲನ್ನು ಹಿಡಿದು ಬಂದವನ ಮಾತು ಎಲ್ಲ ಕಚೇರಿಗಳಲ್ಲಿಯೂ ಬೇಗ ಕೇಳಿಸುತ್ತದೆ. ಸರಸ್ವತೀಪುರದ ದಂಪತಿಗಳ ಲೆಕ್ಕ ಇಂಥದು: ಅಂದೇ ೧,೮೦೦ ರೂಪಾಯಿ, ಉಳಿದ ೩,೩೦೦ಕ್ಕೆ ತಿಂಗಳಿಗೆ ೧,೧೦೦ರಂತೆ ಮೂರು ಕಂತು.

ಬಿಲ್ಲೇ ತಪ್ಪಾಗಿದೆ, ಮೀಟರು ಓಡಬಾರದಷ್ಟು ಓಡಿದೆ ಎಂಬ ಅನುಮಾನವಿದ್ದರೆ ದಾರಿ ಬೇರೆ. ಅದೇ ೫೬ನೆಯ ಕಲಮಿನಲ್ಲಿ ಅದಕ್ಕೂ ಅವಕಾಶವಿದೆ. ಕೇಳಿದ ಮೊತ್ತ, ಇಲ್ಲವೆ ಹಿಂದಿನ ಆರು ತಿಂಗಳ ಸರಾಸರಿಯ ಮೇಲೆ ಲೆಕ್ಕಹಾಕಿದ ಮೊತ್ತ, ಎರಡರಲ್ಲಿ ಯಾವುದು ಕಡಮೆಯೋ ಅದನ್ನು ಆಕ್ಷೇಪಣೆಯೊಡನೆ ಠೇವಣಿ ಇಟ್ಟರೆ, ವಿವಾದ ಇತ್ಯರ್ಥವಾಗುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಗ್ರಾಹಕರ ಕುಂದುಕೊರತೆಗಳನ್ನು ಕೇಳುವ ವೇದಿಕೆಯೂ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ನರೂ ಇದೇ ಕಾಯಿದೆಯಿಂದ ಬಂದವರು. ಆದರೆ ಕೈಯಲ್ಲಿ ಹಣವಿಲ್ಲವೆಂಬ ಕಾರಣಕ್ಕೆ ಸರಿಯಾದ ಬಿಲ್ಲನ್ನು ತಪ್ಪೆಂದು ಸಾಧಿಸಲು ಹೊರಡುವುದು ಬೇಡದ ಸಾಹಸ. ಸಂಪರ್ಕ ಕೊಡುವಾಗ ಇಟ್ಟ ಭದ್ರತಾ ಠೇವಣಿ ಇದೆಯಲ್ಲ, ಅದನ್ನು ಮುರಿದುಕೊಳ್ಳಲಿ ಎನ್ನುವವರೂ ಉಂಟು. ಠೇವಣಿ ಬಿಲ್ಲಿಗೆ ಬದಲಿಯಲ್ಲ. ಅದಕ್ಕೆ ಬಡ್ಡಿ ಕೊಡಬೇಕೆಂದು ೪೭ನೆಯ ಕಲಮು ಹೇಳುತ್ತದೆ. ವರ್ಷಕ್ಕೊಮ್ಮೆ ಆ ಬಡ್ಡಿ ಜಮೆಯಾಗಿದೆಯೇ ಎಂದು ನೋಡಿಕೊಂಡರೆ ಅಷ್ಟು ಲಾಭ.

ಬಾಡಿಗೆದಾರರ ಫಜೀತಿ ಇನ್ನೊಂದು ಬಗೆ. ಆರ್.ಆರ್. ಸಂಖ್ಯೆ ಸಾಮಾನ್ಯವಾಗಿ ಮನೆಯ ಯಜಮಾನರ ಹೆಸರಿನಲ್ಲಿರುತ್ತದೆ. ಬಾಕಿಯ ಸುದ್ದಿ ಅವರಿಗೆ ಲೈನ್‌ಮನ್ನನಿಂದ ತಿಳಿಯುವುದಕ್ಕಿಂತ ಬಾಡಿಗೆದಾರರಿಂದಲೇ ತಿಳಿಯುವುದು ಲೇಸು.

ಇಂಥ ಸಮಯದಲ್ಲಿ ಗೃಹಸ್ಥನಿಗೆ ತೋರುವ ಮೊದಲ ಉಪಾಯ ಸಾಲ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಕರ್ನಾಟಕದಲ್ಲಿ ತಡವಾದ ವಿದ್ಯುತ್ ಬಿಲ್ಲಿಗೆ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ೫,೧೦೦ಕ್ಕೆ ೫೧ ರೂಪಾಯಿ. ಅದೇ ಮೊತ್ತವನ್ನು ಕ್ರೆಡಿಟ್ ಕಾರ್ಡಿನಿಂದ ಕಟ್ಟಿ ಕಾರ್ಡಿನ ಬಾಕಿಯನ್ನು ಉಳಿಸಿಕೊಂಡರೆ, ನೂರಕ್ಕೆ ಮೂರೂವರೆಯ ಲೆಕ್ಕದಲ್ಲಿ ತಿಂಗಳಿಗೆ ಸುಮಾರು ೧೭೮ ರೂಪಾಯಿ. ಇನ್ನು ಕೈಸಾಲ ಕೊಡುವವರ ನೂರಕ್ಕೆ ಹತ್ತಾದರೆ ೫೧೦. ಈ ಕೊನೆಯ ಜಾತಿಯ ಬಡ್ಡಿಗೆ ಜನ "ಮೀಟರ್ ಬಡ್ಡಿ" ಎಂದು ಹೆಸರಿಟ್ಟಿದ್ದಾರೆ. ಗೋಡೆಯ ಮೀಟರಿಗೆ ಹೆದರಿ ಆ ಮೀಟರಿನ ಬಾಯಿಗೆ ಬಿದ್ದವರನ್ನು ಕಂಡೇ ಈ ಹೆಸರು ಬಂತೇನೋ! ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪುಗಳೂ ಆ ಕುಲದವೇ ಹಲವು. ಕಂಪೆನಿಗೆ ತೀರಿಸಬೇಕಾದ ಅಗ್ಗದ ಬಾಕಿಯನ್ನು ಊರಿನವರಿಗೆ ತೀರಿಸಬೇಕಾದ ದುಬಾರಿ ಸಾಲವಾಗಿ ಮಾರ್ಪಡಿಸುವ ಮೊದಲು, ಕಂತಿನ ಮನವಿಗೆ ಉತ್ತರ ಬರುವಷ್ಟು ದಿನವಾದರೂ ತಾಳಬೇಕು.

ಸಾಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಬಚ್ಚಲುಮನೆ. ೨೦೦೦ ವಾಟಿನ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್ಟು. ದಿನಕ್ಕೆ ಒಂದು ಗಂಟೆಯಾದರೆ ತಿಂಗಳಿಗೆ ೬೦. ೯ ವಾಟಿನ ಎಲ್.ಇ.ಡಿ. ದೀಪದ ಕೆಳಗೆ ಮಗ ದಿನಕ್ಕೆ ನಾಲ್ಕು ಗಂಟೆ ಓದಿದರೆ ಒಂದು ಯೂನಿಟ್ಟು ತುಂಬಲು ಸುಮಾರು ೨೮ ದಿನ ಬೇಕು! ಆದರೂ ಬಿಲ್ಲು ಬಂದ ದಿನ ಬೈಗಳು ಬೀಳುವುದು ಯಾರಿಗೆ? ದೀಪ ಆರಿಸದೆ ಎದ್ದುಹೋದ ಹುಡುಗನಿಗೆ. ಗೀಸರಿನ ಗುಂಡಿ ಒತ್ತಿ ಪತ್ರಿಕೆ ಓದಲು ಕುಳಿತ ತಂದೆಗಲ್ಲ.

ಈ ಲೆಕ್ಕಕ್ಕೆ ೨೦೨೩ರಿಂದ ಹೊಸ ಅರ್ಥ ಬಂದಿದೆ. ಆ ವರ್ಷದ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿ ಉಚಿತದ ಮಿತಿಯನ್ನು ಗೊತ್ತುಮಾಡಿದರು; ಗರಿಷ್ಠ ೨೦೦ ಯೂನಿಟ್. ತನ್ನ ಮಿತಿಯನ್ನು ದಾಟಿ ೨೦೦ರೊಳಗಿದ್ದರೆ ಹೆಚ್ಚಿನ ಯೂನಿಟ್ಟುಗಳಿಗೆ ಮಾತ್ರ ಹಣ. ೨೦೦ನ್ನೇ ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿಯಾಗಿ ತೆರಬೇಕು. ಸರಸ್ವತೀಪುರದ ಮನೆ ೧೮೫ರ ಸರಾಸರಿಯದು. ಅದಕ್ಕೆ ಮಿತಿ ೨೦೦. ಅಂದರೆ ೧,೭೦೦ ರೂಪಾಯಿಯ ಬಿಲ್ಲು ಬಂದದ್ದು ಮೇಲಿನ ೧೫ ಯೂನಿಟ್ಟಿನ ಕಾರಣದಿಂದ! ಗೀಸರನ್ನು ದಿನಕ್ಕೆ ಒಂದು ಗಂಟೆಯಿಂದ ಅರ್ಧ ಗಂಟೆಗೆ ಇಳಿಸಿದರೆ ೩೦ ಯೂನಿಟ್ಟು ಉಳಿಯುತ್ತದೆ, ಬಳಕೆ ಮತ್ತೆ ೧೮೫. ಅತ್ತೆಯವರ ಬಿಸಿನೀರು ಮುಂಚಿನಂತೆಯೇ ನಡೆಯಲಿ. ಉಳಿದವರು ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ಸಾಕು. ಹೊಸ ಬಿಲ್ಲಿನ ಭಾರವಿಲ್ಲದೆ ಹೋದರೆ ೧,೧೦೦ರ ಕಂತು ಬೆಟ್ಟದಂತೆ ಕಾಣುವುದಿಲ್ಲ. ಯೋಜನೆಯಿಂದ ಹಳೆಯ ಬಾಕಿ ಮಾತ್ರ ಮನ್ನಾ ಆಗದು, ಅದನ್ನು ತೀರಿಸಿಯೇ ತೀರಬೇಕು. ಮೂರು ತಿಂಗಳ ಹಿಂದೆಯೇ ಗಂಡ ಹೆಂಡಿರು ಆ ಕಾಗದವನ್ನು ಒಟ್ಟಿಗೆ ಕುಳಿತು ಓದಿದ್ದರೆ ಎರಡನೆಯ ಬಿಲ್ಲೂ ಮೂರನೆಯ ಬಿಲ್ಲೂ ಬಹುಶಃ ಹುಟ್ಟುತ್ತಲೇ ಇರಲಿಲ್ಲ.

ಬಾಕಿದಾರನ ಹೆದರಿಕೆಯನ್ನು ಬಲ್ಲವರು ಇನ್ನೊಂದು ವರ್ಗದವರಿದ್ದಾರೆ. "ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ವಿದ್ಯುತ್ ಸಂಪರ್ಕ ಕಡಿಯಲಾಗುವುದು, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ" ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಬಾಕಿ ಇಲ್ಲದವನು ನಕ್ಕು ಅಳಿಸಿಬಿಟ್ಟಾನು. ಬಾಕಿಯನ್ನು ಮನೆಯವರಿಂದ ಮುಚ್ಚಿಟ್ಟವನು ಯಾರನ್ನೂ ಕೇಳಲಾರದೆ, ಮರೆಗೆ ಹೋಗಿ ಆ ಸಂಖ್ಯೆಗೆ ಕರೆ ಮಾಡುತ್ತಾನೆ. ಅವರು ಹೇಳಿದ ಆ್ಯಪನ್ನು ಹಾಕಿಕೊಳ್ಳುತ್ತಾನೆ. ಹತ್ತು ನಿಮಿಷದಲ್ಲಿ ಬ್ಯಾಂಕಿನ ಖಾತೆ ಬರಿದು. ರಾತ್ರಿ ಒಂಬತ್ತೂವರೆಗೆ ತಂತಿ ಬಿಚ್ಚಲು ಕಂಬ ಹತ್ತುವ ಲೈನ್‌ಮನ್ ಯಾವ ಊರಿನಲ್ಲೂ ಇಲ್ಲ. ಸಂದೇಹವಿದ್ದರೆ ೧೯೧೨ಕ್ಕೆ ಕರೆ ಮಾಡಿ ಆರ್.ಆರ್. ಸಂಖ್ಯೆ ಹೇಳಿದರೆ ನಿಜಸ್ಥಿತಿ ತಿಳಿಯುತ್ತದೆ. ಹಣವನ್ನು ಕಚೇರಿಯ ಕಿಟಕಿಯಲ್ಲೋ ಕಂಪೆನಿಯದೇ ಆದ ಆ್ಯಪಿನಲ್ಲೋ ಕಟ್ಟಿ, ಪ್ರತಿ ಕಂತಿನ ರಶೀದಿಯನ್ನೂ ಆ ತಿಂಗಳ ಬಿಲ್ಲಿಗೆ ಪಿನ್ನು ಚುಚ್ಚಿ ಇಡಬೇಕು. ಮುಂದಿನ ಬಿಲ್ಲು ಬಂದಾಗ "ಬಾಕಿ" ಎಂಬ ಸಾಲಿನಲ್ಲಿ ಕಟ್ಟಿದಷ್ಟೂ ಇಳಿದಿದೆಯೇ ಎಂದು ಅದರೊಡನೆ ತಾಳೆ ನೋಡಬಹುದು; ಇಳಿಯದೆ ಇದ್ದರೆ ಅದೇ ರಶೀದಿಯನ್ನು ಹಿಡಿದು ಅದೇ ಉಪವಿಭಾಗದ ಕಚೇರಿಗೆ ಹೋಗಬೇಕು.