ಪಾಲುಪಟ್ಟಿ ತಿಂದ ಬೆಳ್ಳಿ ಹುಳ

ಕಳೆದ ಕಾರ್ತಿಕದಲ್ಲಿ ನಮ್ಮ ಮನೆಯ ಅಟ್ಟದಿಂದ ತಾತನ ಕಾಲದ ಟ್ರಂಕು ಇಳಿಸಿದೆವು. ತಂಗಿಯ ಓದಿಗೆ ಸಾಲ ಬೇಕಿತ್ತು, ಜಮೀನಿನ ಹಳೇ ಕಾಗದ ಇದ್ದಷ್ಟೂ ತನ್ನಿ ಎಂದು ವಕೀಲರು ಹೇಳಿದ್ದರು. ತಳಕ್ಕೆ ಹಾಸಿದ್ದ ಹಳೇ ಪೇಪರ್ ಎತ್ತುತ್ತಲೇ ಬೆಳ್ಳಗೆ ಏನೋ ಸರಕ್ಕನೆ ಹರಿದು ಮೂಲೆ ಸೇರಿತು. ಒಂದಲ್ಲ, ಏಳೆಂಟು. ಅದರ ಪಕ್ಕದಲ್ಲೇ ನಾಲ್ಕು ಮಡಿಕೆಯಾಗಿ ಇದ್ದದ್ದು ನಮ್ಮ ತಾತ ಮತ್ತು ಅವರ ಅಣ್ಣ ಬೇರೆಯಾದಾಗ ಬರೆಸಿಕೊಂಡ ಪಾಲುಪಟ್ಟಿ. ಬಿಚ್ಚಿ ನೋಡಿದರೆ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ದಾರಿ ಇದೆ, ಪಶ್ಚಿಮಕ್ಕೆ ಕೆರೆ ಅಂಗಳ ಇದೆ. ಉತ್ತರಕ್ಕೆ ಏನು ಎಂದು ಬರೆದ ಕಡೆ ತೂತು.

"ಉತ್ತರಕ್ಕೆ ಹೊಂಗೆ ಸಾಲು ಅಂತ ಇತ್ತು ಕಣ್ರೋ, ನಾನೇ ಓದಿದ್ದೆ" ಅಂತಾರೆ ಅಪ್ಪ.

"ಹೊಂಗೆ ಸಾಲಲ್ಲ ಚಿಕ್ಕಪ್ಪ, ಬದು" ಅಂತಾರೆ ದಾಯಾದಿ ಅಣ್ಣ.

ಹೊಂಗೆ ಸಾಲಿಗೂ ಬದುವಿಗೂ ನಡುವೆ ಇರುವುದು ಆರು ಗುಂಟೆ. ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಆರು ಗುಂಟೆಗೆ ಯಾರೂ ಮುಖ ಮುರಿದುಕೊಳ್ಳುತ್ತಿರಲಿಲ್ಲ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ಇಳಿದ ಮೇಲೆ ನಮ್ಮ ಜಿಲ್ಲೆಯಲ್ಲಿ ಆರು ಗುಂಟೆ ಅಂದರೆ ಏನು ಅಂತ ಓದುವ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅವತ್ತಿನಿಂದ ನಾವು ಈ ಹುಳದ ಬೆನ್ನು ಬಿದ್ದಿದ್ದೇವೆ.

ಇದನ್ನು ಕೆಲವರು ಬೆಳ್ಳಿ ಹುಳ ಅಂತಾರೆ, ಕೆಲವರು ಪುಸ್ತಕದ ಹುಳ ಅಂತಾರೆ. ಇಂಗ್ಲಿಷಿನಲ್ಲಿ ಸಿಲ್ವರ್‌ಫಿಶ್. ಮೀನಲ್ಲ, ಮೀನಿನ ಆಕಾರ ಅಷ್ಟೆ. ತಲೆ ಕಡೆ ಅಗಲ, ಬಾಲದ ಕಡೆ ಚೂಪು. ಉದ್ದ ಅರ್ಧ ಇಂಚು, ಹೆಚ್ಚೆಂದರೆ ಮುಕ್ಕಾಲು ಇಂಚು. ಮುಂದೆ ಎರಡು ಉದ್ದನೆಯ ಮೀಸೆ, ಹಿಂದೆ ಮೂರು ಎಳೆ ಬಾಲ. ರೆಕ್ಕೆ ಇಲ್ಲ. ಬೆರಳಲ್ಲಿ ಒತ್ತಿದರೆ ಬೂದಿಯಂಥ ಬೆಳ್ಳಿ ಪುಡಿ ಅಂಟುತ್ತದೆ, ಅದು ಅದರ ಪೊರೆ. ರೆಕ್ಕೆ ಇರುವ ಕೀಟಗಳಿಗಿಂತ ಹಳೆಯ ವಂಶ ಇದರದ್ದು. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ 1665ರಲ್ಲೇ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿ, ಪುಸ್ತಕ ತಿನ್ನುವ ಹುಳ ಎಂದು ಚಿತ್ರದ ಸಮೇತ ಅಚ್ಚು ಹಾಕಿಸಿದ್ದ.

ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ಹಗಲು ಹೊತ್ತು ಕಾಣುವುದೂ ಇಲ್ಲ. ಅದಕ್ಕೇ ನಾವು ಕ್ಯಾರೆ ಅನ್ನುವುದಿಲ್ಲ. ಜಿರಲೆ ಕಂಡರೆ ಪೊರಕೆ ಎತ್ತುವ ಮನೆಯಲ್ಲಿ ಬೆಳ್ಳಿ ಹುಳ ಕಂಡರೆ "ಹೋಗ್ಲಿ ಬಿಡು" ಅಂತಾರೆ. ನಮ್ಮ ಮನೆಯಲ್ಲೂ ಹಾಗೇ ಅಂದಿದ್ದೆವು.

ಕಾಗದ ಹಾಳಾದ ತಕ್ಷಣ ಎಲ್ಲರೂ ಗೆದ್ದಲು ಅನ್ನುತ್ತಾರೆ. ಎರಡೂ ಒಂದಲ್ಲ. ಗೆದ್ದಲು ಬಂದರೆ ಮಣ್ಣಿನ ದಾರಿ ಕಾಣುತ್ತದೆ, ಕಟ್ಟಿಗೆ ಕಟ್ಟೇ ಒಳಗಿಂದ ಟೊಳ್ಳಾಗುತ್ತದೆ. ಪುಸ್ತಕಕ್ಕೆ ಸೂಜಿಯಲ್ಲಿ ಚುಚ್ಚಿದಂತೆ ದುಂಡಗೆ ತೂತು ಬಿದ್ದು ಪುಟದಿಂದ ಪುಟಕ್ಕೆ ಸಾಗಿದ್ದರೆ ಅದು ಒಂದು ಜಾತಿಯ ದುಂಬಿಯ ಮರಿ. ಬೆಳ್ಳಿ ಹುಳ ಮೇಲಿಂದ ಹೆರೆಯುತ್ತದೆ. ಮೊದಲು ಕಾಗದ ಅಲ್ಲಲ್ಲಿ ತೆಳ್ಳಗಾಗಿ ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ, ಆಮೇಲೆ ಅಂಚು ಒರಟಾದ ಅಂಕುಡೊಂಕು ತೂತು. ಮಡಿಕೆಯ ಗೆರೆ, ಅಂಟು ಹಚ್ಚಿದ ಜಾಗ, ಬೈಂಡಿನ ಬೆನ್ನು ಇವು ಅದಕ್ಕೆ ಮೊದಲ ತುತ್ತು. ಸುತ್ತ ಮೆಣಸಿನ ಪುಡಿಯಂಥ ಕರಿ ಹಿಕ್ಕೆ, ಹಳದಿ ಕಲೆ, ಕಳಚಿಬಿದ್ದ ಪೊರೆ ಇದ್ದರೆ ಅನುಮಾನವೇ ಬೇಡ.

ಇದರ ಊಟ ಪಿಷ್ಟ ಮತ್ತು ಸಕ್ಕರೆ. ಅಂದರೆ ಮೈದಾ ಅಂಟು, ಗಂಜಿ ಹಾಕಿದ ಬಟ್ಟೆ, ಚೆಲ್ಲಿದ ಹಿಟ್ಟು, ಕಾಗದ, ರಟ್ಟು. ದೇವರ ಪಟದ ಹಿಂದಿನ ರಟ್ಟು ತೆಗೆದು ನೋಡಿ, ಅಲ್ಲೇ ಸಂಸಾರ ಹೂಡಿರುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯವರು ಕೇಳುವುದುಂಟು, ಸೀರೆ ತಿನ್ನುವುದೂ ಇದೇನಾ ಎಂದು. ಹತ್ತಿ, ರೇಯಾನ್ ನೂಲು, ಅದರಲ್ಲೂ ಗಂಜಿ ಇದ್ದರೆ ತಿನ್ನುತ್ತದೆ, ಅವು ಗಿಡಮರದ ನಾರಿನಿಂದ ಆದವು. ಅಪ್ಪಟ ರೇಷ್ಮೆಗೂ ಉಣ್ಣೆಗೂ ತೂತು ಬಿದ್ದರೆ ಸಾಮಾನ್ಯವಾಗಿ ಅದು ನುಸಿಯ ಕೆಲಸ, ಬೆಳ್ಳಿ ಹುಳವನ್ನು ಬೈಯುವ ಮೊದಲು ಅದನ್ನು ಹುಡುಕಿ.

ಊಟಕ್ಕಿಂತ ಇದಕ್ಕೆ ಮುಖ್ಯ ತೇವ. ಉಪವಾಸ ತಿಂಗಳುಗಟ್ಟಲೆ ತಡೆಯುತ್ತದೆ, ಒಣ ಹವೆ ತಡೆಯುವುದಿಲ್ಲ. ಗಾಳಿಯಲ್ಲಿ ತೇವ ನೂರಕ್ಕೆ ಎಪ್ಪತ್ತೈದು ದಾಟಿದರೆ ಅದಕ್ಕೆ ಹಬ್ಬ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜೋರು ಮಳೆ, ಆಗ ಮುಚ್ಚಿಟ್ಟ ಟ್ರಂಕನ್ನು ನಾವು ಸಂಕ್ರಾಂತಿಯವರೆಗೂ ಮುಟ್ಟುವುದಿಲ್ಲ. ಒಂದೊಂದು ಹುಳ ಎರಡು ಮೂರು ವರ್ಷ, ಇನ್ನೂ ಹೆಚ್ಚು ಬದುಕುತ್ತದೆ. ಹೀಗಾಗಿ ಇವತ್ತು ಕಂಡ ಹುಳ ಇವತ್ತು ಬಂದದ್ದಲ್ಲ.

ಹೆಂಚಿನ ಮನೆ ಬಿಟ್ಟು ಆರ್‌ಸಿಸಿ ಮನೆಗೆ ಬಂದರೆ ಹುಳದ ಕಾಟ ತಪ್ಪಿತು ಅಂದುಕೊಂಡವರು ಬಹಳ. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಹೊಸ ಮನೆಯಲ್ಲಿ ಬಚ್ಚಲಿನ ಗೋಡೆಗೆ ಆನಿಸಿ ಬೀರು ಇಡುತ್ತೇವೆ, ಸಜ್ಜೆಯ ಮೇಲೆ ರಟ್ಟಿನ ಡಬ್ಬ ಪೇರಿಸುತ್ತೇವೆ, ತಾರಸಿ ಸೋರಿ ಗೋಡೆ ಬೆವರುತ್ತಿರುತ್ತದೆ. ಬೀರುವಿನ ತಟ್ಟೆಗೆ ಹಳೇ ದಿನಪತ್ರಿಕೆ ಬೇರೆ ಹಾಸುತ್ತೇವೆ, ಹುಳಕ್ಕೆ ಎಲೆ ಹಾಕಿದ ಹಾಗೆ. ಪತ್ರಿಕೆಯಲ್ಲಿ ಕೆಲಸ ಮಾಡಿಕೊಂಡು ಇದನ್ನು ಬರೆಯುವುದು ಕಷ್ಟ, ಆದರೂ ನಿಜ.

ಈಗ ನಮ್ಮ ತಕರಾರಿಗೆ ಬರೋಣ. ಹುಳ ಕಂಡ ತಕ್ಷಣ ನಾವು ಕೈ ಹಾಕುವುದು ವಿಷಕ್ಕೆ. ತೋಟಕ್ಕೆ ತಂದ ಔಷಧಿಯನ್ನೇ ಮನೆಯೊಳಗೆ ಹೊಡೆಯುವವರಿದ್ದಾರೆ. ಇನ್ನೂ ಕೆಟ್ಟದ್ದು, ಕಾಳಿನ ಮೂಟೆಗೆ ಇಡುವ ಮಾತ್ರೆಯನ್ನು ಬೀರುವಿನಲ್ಲಿ ಇಡುವುದು. ಅದು ಅಲ್ಯೂಮಿನಿಯಂ ಫಾಸ್ಫೈಡ್, ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದ ಮನುಷ್ಯರೇ ಏಳದಂತೆ ಮಾಡುವ ವಸ್ತು ಅದು, ಅದಕ್ಕೆ ಪ್ರತಿಮದ್ದು ಇಲ್ಲ. ಒಂದು ಕಾಗದ ಉಳಿಸೋಕೆ ಅದನ್ನು ಮನೆಯೊಳಗೆ ತರಲೇಬೇಡಿ.

ನುಸಿಗುಳಿಗೆಗೂ ನಾವು ಓಟು ಹಾಕುವುದಿಲ್ಲ. ಬೆಳ್ಳಿ ಹುಳಕ್ಕೆ ಅದರಿಂದ ಹೇಳಿಕೊಳ್ಳುವಷ್ಟು ತೊಂದರೆ ಇಲ್ಲ, ತೊಂದರೆ ನಮಗೇ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಹಸುಗೂಸಿಗೆ ನುಸಿಗುಳಿಗೆ ಜೊತೆ ಇಟ್ಟ ಬಟ್ಟೆ ಹೊದಿಸಿದರೆ ರಕ್ತಕಣ ಒಡೆದು ಕಾಮಾಲೆ ಏರಬಹುದು. ಬಾಣಂತಿ ಮನೆಯಲ್ಲಿ ಹಳೇ ಸೀರೆ ಬಿಚ್ಚಿ ಮಗು ಸುತ್ತುವ ಮೊದಲು ಒಗೆದು ಬಿಸಿಲಿಗೆ ಹಾಕಿ.

ಬೇವಿನ ಸೊಪ್ಪು ಅಜ್ಜಿಯ ಕಾಲದ್ದು, ಇಡಿ. ಆದರೆ ನೆರಳಲ್ಲಿ ಗರಿಗರಿ ಒಣಗಿಸಿ ಇಡಿ. ಹಸಿ ಸೊಪ್ಪು ಇಟ್ಟರೆ ನೀವೇ ತೇವ ತುಂಬಿದಂತೆ. ಅದೊಂದೇ ಹುಳ ನಿಲ್ಲಿಸುತ್ತದೆ ಎಂದೂ ನಂಬಬೇಡಿ. ಇನ್ನು ಎಣ್ಣೆ. ಮೈಸೂರಿನ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ತಾಳೆಗರಿಗೆ ಹುಲ್ಲಿನೆಣ್ಣೆ ಸವರುತ್ತಾರೆ ಎಂದು ಕೇಳಿ ನಮ್ಮ ಪರಿಚಯದವರೊಬ್ಬರು ಕ್ರಯಪತ್ರಕ್ಕೇ ಸವರಿದ್ದರು. ತಾಳೆಗರಿ ಬೇರೆ, ಕಾಗದ ಬೇರೆ. ಕಾಗದಕ್ಕೆ ಎಣ್ಣೆ ಬಿದ್ದರೆ ಸಹಿ, ಮುದ್ರೆ ಎಲ್ಲ ಕಲೆಯಾಗುತ್ತದೆ.

ನಾವು ಮಾಡಿದ್ದು ಇಷ್ಟು. ಟ್ರಂಕು ಖಾಲಿ ಮಾಡಿ ಅಂಗಳದಲ್ಲಿ ಎರಡು ದಿನ ಸುಡು ಬಿಸಿಲಿಗೆ ಇಟ್ಟೆವು. ಕಾಗದವನ್ನು ಬಿಸಿಲಿಗೆ ಹಾಕಲಿಲ್ಲ, ಶಾಯಿ ಹಾರಿಹೋಗುತ್ತದೆ. ನೆರಳಲ್ಲಿ ಹಗ್ಗದ ಮಂಚದ ಮೇಲೆ ಬಿಳಿ ಪಂಚೆ ಹಾಸಿ ಒಂದೊಂದೇ ಬಿಡಿಸಿ ಹರಡಿ, ಮೆತ್ತನೆ ಬ್ರಶ್‌ನಲ್ಲಿ ಧೂಳು ತೆಗೆದೆವು. ಹುಳದ ಗುರುತು ಇದ್ದ ಕಾಗದಗಳನ್ನು ಗಾಳಿ ಹೋಗದ ಹಾಗೆ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಎರಡು ವಾರ ಇಟ್ಟೆವು. ಹುಳವೂ ಮೊಟ್ಟೆಯೂ ಆ ಚಳಿಗೆ ಸಾಯುತ್ತವೆ. ಹೊರಗೆ ತೆಗೆದು ಒಂದಿಡೀ ದಿನ ಬಿಟ್ಟು ಕವರ್ ಬಿಚ್ಚಬೇಕು, ಮೊದಲೇ ಬಿಚ್ಚಿದರೆ ಕಾಗದವೇ ಬೆವರುತ್ತದೆ. ಕರೆಂಟು ಹೋಗಿ ಐಸ್ ಕರಗುವ ಊರಾದರೆ ಇದನ್ನು ನೆಚ್ಚಬೇಡಿ.

ಗೋಡೆ ಸಂದಿಗೆ ಸಿಮೆಂಟು ಮೆತ್ತಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದೆವು. ಬೀರುವಿನ ಹಿಂದೆ, ಕೈ ತಾಗದ ಕಡೆ ಮಾತ್ರ ಬೋರಿಕ್ ಪುಡಿ ತೆಳ್ಳಗೆ ಉದುರಿಸಿದೆವು. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದೂ ವಿಷವೇ, ಮಗು ಹರಿದಾಡುವ ನೆಲಕ್ಕೆ, ಹಿಟ್ಟಿನ ಡಬ್ಬದ ಹತ್ತಿರ, ದನದ ಕೊಟ್ಟಿಗೆಗೆ ಬೇಡ. ಇನ್ನೊಂದು ಉಪಾಯ ಪುಕ್ಕಟೆಯದು. ಉಪ್ಪಿನಕಾಯಿಯ ಗಾಜಿನ ಬಾಟಲಿಯ ಹೊರಮೈಗೆ ಒರಟು ಬಟ್ಟೆಯ ಟೇಪು ಸುತ್ತಿ, ಒಳಗೆ ಚೂರು ಬ್ರೆಡ್ಡು ಹಾಕಿ ರಾತ್ರಿ ಮೂಲೆಯಲ್ಲಿ ಇಡಿ. ಟೇಪು ಹಿಡಿದು ಹತ್ತುತ್ತದೆ, ಒಳಗಿನ ನುಣುಪು ಗಾಜು ಹತ್ತಲಾರದೆ ಅಲ್ಲೇ ಉಳಿಯುತ್ತದೆ. ಇದರಿಂದ ಹುಳ ಪೂರ್ತಿ ಹೋಗುವುದಿಲ್ಲ, ಯಾವ ಕೋಣೆಯಲ್ಲಿ ಎಷ್ಟಿದೆ ಎಂದು ಗೊತ್ತಾಗುತ್ತದೆ.

ಉಳಿದ ಪಾಲುಪಟ್ಟಿಯನ್ನು ಲ್ಯಾಮಿನೇಷನ್ ಮಾಡಿಸಿಬಿಡಿ ಎಂದು ಜೆರಾಕ್ಸ್ ಅಂಗಡಿಯಲ್ಲಿ ಹೇಳಿದರು. ಬೇಡ ಅಂದೆವು. ಬಿಸಿ ಹಾಕಿ ಅಂಟಿಸಿದ ಪ್ಲಾಸ್ಟಿಕ್ಕು ಮತ್ತೆ ಬಿಡುವುದಿಲ್ಲ, ಒಳಗಿನ ತೇವವೂ ಹೋಗುವುದಿಲ್ಲ. ಹಳೇ ಶಾಯಿ, ಹೆಬ್ಬೆಟ್ಟು ಪರೀಕ್ಷೆಗೆ ಬೇಕಾದರೆ ಆಗ ಕಷ್ಟ.

ಇಷ್ಟೆಲ್ಲ ಮಾಡಿದ ಮೇಲೆ ಅರ್ಥವಾಗಿದ್ದು, ಎಲ್ಲ ಕಾಗದವೂ ಒಂದೇ ಅಲ್ಲ ಅನ್ನುವುದು. ಪಹಣಿ ತಿಂದರೆ ಅಳಬೇಕಿಲ್ಲ, ಅದು 2000ದ ಹೊತ್ತಿನಲ್ಲಿ ಬಂದ ಭೂಮಿ ಯೋಜನೆಯ ಕಾಲದಿಂದ ಕಂಪ್ಯೂಟರಿನಲ್ಲಿದೆ. ನೋಂದಣಿಯಾದ ಕ್ರಯಪತ್ರ ತಿಂದರೂ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ, ಕಾವೇರಿ ಪೋರ್ಟಲಿನಲ್ಲೂ ಅರ್ಜಿ ಹಾಕಬಹುದು. ಸಾಗುವಳಿ ಚೀಟಿ, ಭೂ ನ್ಯಾಯಮಂಡಳಿ ಆದೇಶವಾಗಿ ಬಂದ ನಮೂನೆ 10, ಇವುಗಳ ಕಡತ ತಾಲ್ಲೂಕು ಕಚೇರಿಯಲ್ಲಿ ಇರಬೇಕು. ಇರಬೇಕು ಎಂದಷ್ಟೇ ಹೇಳಬಲ್ಲೆವು, ರೆಕಾರ್ಡ್ ರೂಮಿನಲ್ಲೂ ಇದೇ ಹುಳ ಇದೆ. ಹಳೇ ಕಡತ ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸವನ್ನು ಸರ್ಕಾರ 2024ರಲ್ಲಿ ಶುರು ಮಾಡಿದೆ. ಅದು ಒಳ್ಳೆಯ ಕೆಲಸ. ನಿಮ್ಮ ಸರ್ವೆ ನಂಬರಿನ ಕಡತ ಸಿಕ್ಕಿದೆಯಾ ಎಂದು ಕೇಳಿ ನಕಲು ತೆಗೆದಿಟ್ಟುಕೊಳ್ಳುವುದು ನಿಮ್ಮ ಕೆಲಸ.

ಮಂಜೂರಾದ ಜಮೀನಿನ ಪರಿಶಿಷ್ಟ ಜಾತಿ, ಪಂಗಡದ ಮನೆಗಳಿಗೆ ಇದು ಇನ್ನೂ ಗಟ್ಟಿ ಮಾತು. ಕೈತಪ್ಪಿದ ಜಮೀನು ವಾಪಸ್ ಕೇಳುವ 1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದಾಯಿತು. ಆದರೆ ಅರ್ಜಿಗೆ ಆಧಾರ ಅಜ್ಜನಿಗೆ ಕೊಟ್ಟ ಆ ಒಂದು ಮಂಜೂರಾತಿ ಚೀಟಿ. ಅದು ಎಷ್ಟೋ ಮನೆಯಲ್ಲಿ ದೇವರ ಪಟದ ಹಿಂದೆಯೇ ಇರುತ್ತದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 2022ರಿಂದ ಧರಣಿ ಕೂತು 1,777 ಎಕರೆ ಸ್ವಾಧೀನವನ್ನು 2025ರ ಜುಲೈ 15ರಂದು ಕೈಬಿಡಿಸಿಕೊಂಡರು. ಭೂಮಿ ಕೊಡಲ್ಲ ಅನ್ನುವವರಿಗೂ, ಪರಿಹಾರ ಕೊಡಿ ಅನ್ನುವವರಿಗೂ ಕೈಯಲ್ಲಿ ಕಾಗದ ಬೇಕು.

ಯಾವ ಕಚೇರಿಯಲ್ಲೂ ನಕಲು ಇಲ್ಲದ್ದು ನೋಂದಣಿಯಾಗದ ಪಾಲುಪಟ್ಟಿ, ಪಂಚಾಯ್ತಿದಾರರ ಮುಂದೆ ಬರೆದ ಕರಾರು, ಹಳೇ ಕಂದಾಯ ರಸೀದಿ, ಸತ್ತವರ ಕೈಬರಹ. ಕೋರ್ಟಿನಲ್ಲಿ ಪಾಲುಪಟ್ಟಿಗೆ ಎಷ್ಟು ಬೆಲೆ ಎನ್ನುವುದು ವಕೀಲರು ಹೇಳಬೇಕಾದ ಮಾತು. ಅಣ್ಣತಮ್ಮಂದಿರ ನಡುವೆ ಜಗಲಿಯಲ್ಲಿ ಅದಕ್ಕೆ ಬಹಳ ಬೆಲೆ ಇದೆ. ಮೊದಲು ಇವುಗಳ ಫೋಟೊ ತೆಗೆಯಿರಿ. ಬೆಳಕಿನಲ್ಲಿ, ಮಡಿಕೆ ಬಿಡಿಸಿ, ಎರಡೂ ಬದಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಮನೆಯವರಿಗೆ ಮಾತ್ರ ಕಳಿಸಿ, ಜಮೀನು ತೋರಿಸುವ ಬ್ರೋಕರಿಗಲ್ಲ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದರೆ ಅವರ ಕಂಪ್ಯೂಟರಿನಿಂದ ಅಳಿಸಿ ಅಂತ ನಿಂತು ನೋಡಿ.

ಟ್ರಂಕಿನಲ್ಲಿ ಏನಿದೆ ಎಂದು ಮನೆಯಲ್ಲಿ ಒಬ್ಬರಿಗೇ ಗೊತ್ತಿರುವುದೂ ಹುಳದಷ್ಟೇ ಅಪಾಯ. ನಮ್ಮಲ್ಲಿ ಅದು ತಾತನಿಗೆ ಗೊತ್ತಿತ್ತು. ಅಟ್ಟ ಗುಡಿಸುತ್ತಿದ್ದ ಅಮ್ಮನಿಗೆ "ಅದನ್ನ ಮುಟ್ಟಬೇಡ" ಎಂದಷ್ಟೇ ಹೇಳಿದ್ದರು. ಅಮ್ಮ ಹನ್ನೊಂದು ವರ್ಷ ಮುಟ್ಟಲಿಲ್ಲ. ಈಗ ಕೀಲಿ ಅಮ್ಮನ ಹತ್ತಿರವೇ ಇದೆ. ಯುಗಾದಿಗೆ ಸುಣ್ಣ ಬಳಿಯುವಾಗ ಒಮ್ಮೆ, ದೀಪಾವಳಿ ಕಳೆದು ಮಳೆ ನಿಂತಾಗ ಒಮ್ಮೆ ತೆಗೆಯುವುದೆಂದು ಮಾತಾಗಿದೆ.

ಆರು ಗುಂಟೆ ಹಾಗೇ ನಿಂತಿದೆ. ಪೋಡಿ ಮಾಡಿಸಬೇಕಾದರೆ ಎರಡೂ ಮನೆಯವರು ಕೂತು ಒಪ್ಪಿ ಸಹಿ ಹಾಕಬೇಕು. ಹೋದ ವಾರ ದಾಯಾದಿ ಅಣ್ಣ ಮನೆಗೆ ಬಂದು ಆ ತೂತು ಬಿದ್ದ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರ ಮನೆಯಲ್ಲೂ ಇದರ ಒಂದು ಪ್ರತಿ ಇರಬೇಕಂತೆ. ಎಲ್ಲಿ ಎಂದು ಅವರ ತಾಯಿಯನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ.